ಒಂದು ಗುಂಡಿನ ಸುದ್ದಿ

ಕೊಡಗಿನ ನಮ್ಮ ಕಡೆ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಯಾರಾದರೂ ಸತ್ತರೆ ಎರಡು. ಸದ್ದು ಎಣಿಸಿಯೇ ನೆರೆಮನೆಗಳಿಗೆ ಸುದ್ದಿ ತಿಳಿಯುತ್ತದೆ.

ನನ್ನ ಮಗ ಹುಟ್ಟಿದ ಬೆಳಿಗ್ಗೆ ಅಪ್ಪ ಹಳೆಯ ಕೇಪಿನ ಕೋವಿಯ ಬಾಯಿಗೆ ಮದ್ದು ಸುರಿದು ಗಜದ ಕೋಲಿನಿಂದ ಗಿಡಿದರು. ಕರಿಮದ್ದು ಸಿಗದೆ, ಅದರ ಬದಲಿಗೆ ಬಳಸುವ ಹೊಸ ಮದ್ದನ್ನು ನಾನೇ ತಂದುಕೊಟ್ಟಿದ್ದೆ.

ಕೋವಿಯ ಕುದುರೆ ಎಳೆದರು. ಕಿಡಿ ಹೊತ್ತಿಸುವ ಕೇಪು ಮಾತ್ರ ಚಟ್ಟೆಂದಿತು, ಗುಂಡು ಹಾರಲಿಲ್ಲ.

"ನಿನ್ನ ಮದ್ದೂ ನಿನ್ನ ಹಾಗೇ ಸೋಮಾರಿ ಕಣೋ," ಎಂದು ನಗುತ್ತಾ ನಳಿಗೆಯೊಳಗೆ ಇಣುಕಿದರು.

"ಅಪ್ಪ, ಮುಖ ತೆಗೀರಿ! ಅದು ತಡವಾಗಿ ಹತ್ಕೊಳ್ಳುತ್ತೆ..."

ಕಣಿವೆಗೆಲ್ಲ ಕೇಳುವಂತೆ ಕೋವಿ ಸಿಡಿಯಿತು.

ಎರಡನೆಯ ಗುಂಡಿಗೆ ಮದ್ದು ತುಂಬಲು ನನ್ನ ಕೈ ಏಳಲಿಲ್ಲ. ಅಷ್ಟರಲ್ಲಿ ಗದ್ದೆ ದಾಟಿ ನೆರೆಯವರು ನಗುತ್ತಾ ಬಂದರು.

"ಒಂದೇ ಗುಂಡು ಕೇಳಿಸ್ತು! ಹೊಸ ಅಜ್ಜ ಎಲ್ಲಪ್ಪಾ?"