ತತ್ತಿಯ ಸುತ್ತಲಿನ ಕೆಂಪು

ಪಶುವೈದ್ಯ ವಿದ್ಯಾರ್ಥಿನಿ ಕಸ್ತೂರಿಯ ಭೂತಗನ್ನಡಿಯಲ್ಲಿ ಇಣುಕಿದ ಲಾಡ್ಲೇಸಾಬ ಚೂರಿ ಕೆಳಗಿಟ್ಟ. ಈಗಷ್ಟೇ ಅವನು ಕೊಯ್ದ ಆಡಿನ ಅಂಡಾಶಯದ ಮೇಲೆ ತೊಗರಿಕಾಳಿನಷ್ಟು ಗುಳ್ಳೆ, ಅದರ ಸುತ್ತ ಕೆಂಪು ಎಳೆಗಳ ಜಾಲ. ಶಹಾಪುರದಲ್ಲಿ ನಲವತ್ತು ವರ್ಷ ಕಸಾಯಿ ಕೆಲಸ ಮಾಡಿದರೂ ಗಬ್ಬದ ಆಡನ್ನು ಮುಟ್ಟಿದವನಲ್ಲ. ಹೊಟ್ಟೆ ತಡವಿ ಹೇಳುವ ಅವನ ಬೆರಳನ್ನು ದನದ ಡಾಕ್ಟರರೂ ನಂಬುತ್ತಿದ್ದರು.

“ಗಬ್ಬ ಇತ್ತೇನವ್ವಾ?”

“ಇಲ್ರಿ ಕಾಕಾ, ನಿಮ್ಮ ಬೆರಳು ಸುಳ್ಳಾಗಿಲ್ಲ. ಅದು ಬರೇ ತತ್ತಿ ಇರೋ ಗುಳ್ಳಿ. ತತ್ತಿ ಬಲೀಲಿ ಅಂತ ಅದು ಒಳಗ ಒಂದು ರಸ ಬಿಡ್ತದ, ಅದಕ್ಕ ಸುತ್ತ ಹೊಸ ರಕ್ತನಾಳ ಹುಟ್ತಾವ. ನಾ ಓದಾಕತ್ತಿದ್ದು ಅದನ್ನೇ.”

ಲಾಡ್ಲೇಸಾಬ ಉಸಿರು ಬಿಟ್ಟ. ಆದರೆ ಕನ್ನಡಿಯಿಂದ ಕಣ್ಣು ಕೀಳಲಿಲ್ಲ.

“ಹೊಟ್ಟ್ಯಾಗ ಬರೋರು ಇನ್ನಾ ಬಂದೇ ಇಲ್ಲ. ಇದು ಆಗ್ಲೇ ದಾರಿ ಮಾಡಿಟ್ಟು ಕುಂತದಲ್ಲವ್ವಾ,” ಎಂದವನು ಎದ್ದು ಹೋಗಿ, ಗೂಟದಲ್ಲಿ ಸರದಿಗೆ ನಿಂತಿದ್ದ ಇನ್ನೊಂದು ಆಡಿನ ಹಗ್ಗ ಬಿಚ್ಚಿ ಮೇಯಲು ಹೊರಗೆ ಬಿಟ್ಟ.