ಮೇಷ್ಟ್ರ ಮೀಸೆಗೊಂದು ಅರ್ಜಿ

ಅರ್ಜಿ ಓದುತ್ತಿದ್ದಂತೆಯೇ ವಿಜ್ಞಾನದ ಮೇಷ್ಟ್ರ ಕೈ ತಾನಾಗಿಯೇ ಹೋಗಿ ಮೀಸೆಯನ್ನು ಮುಚ್ಚಿಕೊಂಡಿತು. ಅದೇನು ಸಾಮಾನ್ಯ ಮೀಸೆಯೇ? ಅದರ ಒಂದು ತುದಿ ತರಗತಿಗೆ ಬಂದು, ಹಾಜರಿ ಮುಗಿದ ಮೇಲೆ ಇನ್ನೊಂದು ತುದಿ ಬರುತ್ತಿತ್ತು. ಅದರಡಿಯ ತುಟಿಗಳನ್ನು ಮದುವೆಯಾದಂದಿನಿಂದ ಅವರ ಹೆಂಡತಿಯೂ ಕಂಡಿರಲಿಲ್ಲ. ತುಟಿ ಕಾಣುವಷ್ಟಾದರೂ ಅದನ್ನು ಕತ್ತರಿಸಬೇಕೆಂದು ಬರೆದವಳು ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಅವರ ಎದುರಿಗೇ ನಿಂತಿದ್ದಳು: ಕಿವಿ ಕೇಳಿಸದ, ತುಟಿ ನೋಡಿಯೇ ಮಾತು ತಿಳಿಯುವ ಎಂಟನೇ ತರಗತಿಯ ಹುಡುಗಿ.

‘ಪಾಠ ಪೂರ್ತಿ ಬರೆದುಕೊಡ್ತೀನಮ್ಮ, ಮೀಸೆ ಒಂದು ಬಿಟ್ಟುಬಿಡು’ ಎಂದು ಮೇಷ್ಟ್ರು ಅರ್ಜಿಯ ಹಿಂದೆ ಗೀಚಿ ತೋರಿಸಿದರು.

“ಪಾಠ ಪುಸ್ತಕದಲ್ಲೇ ಇದೆ ಸಾರ್,” ಎಂದಳು ಹುಡುಗಿ. “ನಿಮ್ಮ ಜೋಕು ಅದರಲ್ಲಿಲ್ಲ. ಎಲ್ಲರೂ ನಗ್ತಾರೆ. ನಾನು ಪಕ್ಕದವಳ ಮುಖ ನೋಡ್ಕೊಂಡು ನಗ್ತೀನಿ.”

ಮೇಷ್ಟ್ರು ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿಕೊಂಡರು. ಉದುರಿದ ಕೂದಲಲ್ಲಿ ಎರಡು ಹಾಸಿಗೆ ತುಂಬಿಸಬಹುದಿತ್ತು. ಆಮೇಲೆ ಅವಳ ಮುಂದೆ ನಿಂತು, ಹತ್ತು ವರ್ಷಗಳಿಂದ ಇಡೀ ಶಾಲೆಯನ್ನು ನಗಿಸಿ ನೆಲಕ್ಕುರುಳಿಸುತ್ತಿದ್ದ ತಮ್ಮ ಕಪ್ಪೆಯ ಜೋಕನ್ನು ನಿಧಾನವಾಗಿ ಹೇಳಿದರು. ಹುಡುಗಿ ಕಣ್ಣು ಮಿಟುಕಿಸದೆ ಕೊನೆಯ ಮಾತಿನವರೆಗೂ ನೋಡಿದಳು.

“ಇಷ್ಟೇನಾ ಸಾರ್? ವರ್ಷವಿಡೀ ನಾನು ನಕ್ಕಿದ್ದು ಇದಕ್ಕಾ?”