ಗುಂಡಿಯಿಲ್ಲದ ಕಾರು

ಬಿಸಿಲೆಲ್ಲ ಸರ್ಕಾರದ ಬಿಸಿಲು ಇಲಾಖೆಯ ಪಾಲಾಗಿ ಹನ್ನೊಂದು ವರ್ಷವಾಗಿತ್ತು. ರಾಯಚೂರಿನ ಆ ಓಣಿಯಲ್ಲಿ ಪ್ರತಿ ಮನೆಗೂ ದಿನಕ್ಕೊಂದು ತಾಸು ಬಿಸಿಲು, ಅದೂ ಹಪ್ಪಳ ಸಂಡಿಗೆ ಒಣಗಿಸುವುದಕ್ಕಷ್ಟೇ.

ಟೇಲರ್ ನೀಲವ್ವ ಇವತ್ತು ಸಂಡಿಗೆಯ ಪಕ್ಕದಲ್ಲಿ ಆಟಿಕೆ ಕಾರು ಬಿಟ್ಟಿದ್ದಳು. ಎಣ್ಣೆ ಡಬ್ಬಿಯ ತಗಡಿನ ಮೈ, ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು, ನೆತ್ತಿಯ ಮೇಲೆ ಅಂಗೈಯಗಲದ ಸೋಲಾರ್ ಪ್ಲೇಟು. ಮೂರು ತಿಂಗಳು ಮನೆಯಲ್ಲೇ ಕೂತು ಮಾಡಿದ್ದು. ಅದು ಮಾಳಿಗೆಯ ಮೇಲೆ ಗಿರ್ರನೆ ಸುತ್ತುತ್ತಿರುವಾಗಲೇ ಬಿಸಿಲು ತಪಾಸಣೆಯ ಸಾಹೇಬರು ಮೆಟ್ಟಿಲು ಹತ್ತಿ ಬಂದರು.

"ಏನವ್ವಾ ಇದು? ಬಿಸಿಲು ಇರೂದು ಆಟಕ್ಕೇನು?"

"ಮತ್ತ ಯಾತಕ್ರಿ?" ಎಂದಳು ನೀಲವ್ವ, ಸಂಡಿಗೆ ಮಗುಚುತ್ತಲೇ.

ಸಾಹೇಬರು ಕಾರನ್ನು ಎತ್ತಿಕೊಂಡರು. ಗಾಲಿಗಳು ನಿಲ್ಲಲಿಲ್ಲ.

"ಬಂದ್ ಮಾಡೂ ಗುಂಡಿ ಎಲ್ಲೈತಿ?"

"ಹಚ್ಚಿಲ್ರಿ. ನಿಂದ್ರಸಾಕ ನಾ ಅದನ್ನ ಮಾಡಿಲ್ಲ."

ಜಪ್ತಿ ಮಾಡಿದ ಸಾಮಾನನ್ನು ಓಣಿಯೆಲ್ಲ ನೋಡುವಂತೆ ತಲೆಯ ಮೇಲೆತ್ತಿ ಒಯ್ಯಬೇಕು, ಮಂದಿಗೆ ಹೆದರಿಕೆ ಹುಟ್ಟಬೇಕು ಎಂಬುದು ಇಲಾಖೆಯ ನಿಯಮ. ಸಾಹೇಬರು ನಿಯಮ ಮೀರುವವರಲ್ಲ. ಕಾರನ್ನು ಎತ್ತಿ ಹಿಡಿದು ಸುಡು ಬಿಸಿಲಿನಲ್ಲಿ ಹೊರಟರು. ಅವರ ಕೈಯಲ್ಲೇ ಗಾಲಿಗಳು ಮೊದಲಿಗಿಂತ ಜೋರಾಗಿ ತಿರುಗತೊಡಗಿದವು. ಎಲ್ಲ ಮಾಳಿಗೆಗಳ ಮೇಲೂ ಹೆಂಗಸರು ಸಂಡಿಗೆ ಬಿಟ್ಟು ಎದ್ದು ನಿಂತರು.

ಎದುರು ಮಾಳಿಗೆಯ ಖಾಜಾಬಿ ದನಿ ತಗ್ಗಿಸಿ ಕೇಳಿದಳು, "ಅಕ್ಕಾ, ಗಾಲಿಗೆ ಏನ್ ಹಾಕೀದಿ?"

ನೀಲವ್ವ ಓಣಿಯ ಕೊನೆ ಮುಟ್ಟಿದ್ದ ಸಾಹೇಬರಿಗೂ ಕೇಳುವಂತೆ ಕೂಗಿದಳು: "ಸೋಡಾ ಬಾಟ್ಲಿ ಮುಚ್ಚಳ, ತಂಗೀ! ಮೋಟಾರು ಹ್ಯಾಂಗ ಕುಂದ್ರಸೂದು, ಅದನ್ನೂ ಹೇಳ್ತೀನಿ. ಎಲ್ಲಾರೂ ಕೇಳ್ರಿ!"